ಮನೆಯಲ್ಲಿದ್ದುಕೊಂಡೇ ಮೋಟಾರು ನಡೆಸುವ ಬಗೆ

ರಾತ್ರಿ ಒಂದು ಗಂಟೆಗೆ ಮೂರು ಫೇಸು ಕರೆಂಟು ಬಂತೆಂದು ಎದ್ದು, ಟಾರ್ಚು ಹಿಡಿದು, ಬದುವಿನ ಮೇಲೆ ನಡೆದು ಹೋಗಿ ಮೋಟಾರಿನ ಹಸಿರು ಗುಂಡಿ ಒತ್ತಿ ಬರುವ ಕಷ್ಟವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಗುಂಡಿ ಒತ್ತಿ ಮನೆಗೆ ಬಂದು ಕಂಬಳಿ ಹೊದೆಯುವಷ್ಟರಲ್ಲಿ ಕರೆಂಟು ಹೋಗಿ ಮತ್ತೆ ಬರುತ್ತದೆ. ಮೋಟಾರು ಮಾತ್ರ ನಿಂತೇ ಇರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಟೊಮೇಟೊ ಸಾಲುಗಳು ಒಣಗಿಕೊಂಡೇ ಇರುತ್ತವೆ. ಹಾವಿನ ಭಯ ಎಲ್ಲ ಕಡೆಯೂ ಇದೆ. ಪೆನ್ನಾಗರ, ಪಾಲಕ್ಕೋಡಿನ ಕಾಡಂಚಿನಲ್ಲಿಯೂ, 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ, ತಳಿ ಕಡೆಯಲ್ಲಿಯೂ ಆನೆಯ ಭಯ ಬೇರೆ. ಆನೆಗೆ ಹೆದರಿ ಬೇಲಿಗೆ ಕರೆಂಟು ಹರಿಸುವವರೂ ಇದ್ದಾರೆ. 2023ರ ಮಾರ್ಚ್ ತಿಂಗಳಲ್ಲಿ ಮಾರಂಡಹಳ್ಳಿಯ ಸಮೀಪ ಅಂತಹ ಅಕ್ರಮ ಬೇಲಿಗೆ ಸಿಕ್ಕಿ ಮೂರು ಆನೆಗಳು ಸತ್ತುದನ್ನು ಎಲ್ಲರೂ ಬಲ್ಲರು. ಕತ್ತಲೆಯಲ್ಲಿ ಮೋಟಾರು ಹಾಕಲು ಹೊರಟವನಿಗೂ ಆ ತಂತಿ ಕಾಣುವುದಿಲ್ಲ.

ಆದುದರಿಂದ ಮೋಟಾರಿನ ಬಳಿಗೆ ಹೋಗದೆಯೇ ಅದನ್ನು ನಡೆಸುವ, ನಿಲ್ಲಿಸುವ, ನಿಂತುಹೋದರೆ ಮತ್ತೆ ಎಬ್ಬಿಸುವ ಉಪಾಯಗಳು ಯಾವುವು, ಅವುಗಳಲ್ಲಿ ನಂಬತಕ್ಕುದು ಯಾವುದು ಎಂಬುದನ್ನು ಈ ವಾರ ವಿಚಾರ ಮಾಡೋಣ. ಇದು ಪಂಪುಸೆಟ್ಟಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಹಾಲಿನ ಸೊಸೈಟಿಯ ಕಂಪ್ಯೂಟರೂ, ಬೆಟ್ಟದ ಮೇಲಿನ ಮೊಬೈಲ್ ಟವರಿನ ಯಂತ್ರವೂ ಕಾವಲಿಲ್ಲದೆ ನಡೆಯತಕ್ಕವೇ. ಆದರೆ ನಮಗೆ ಮೋಟಾರು ಹತ್ತಿರದ ವಸ್ತು. ಅದನ್ನೇ ಮೊದಲು ನೋಡೋಣ.

ಕರೆಂಟು ಮರಳಿ ಬಂದರೂ ಮೋಟಾರು ತಾನಾಗಿ ಏಕೆ ಓಡುವುದಿಲ್ಲ? ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಒಂದು ಕಾಯಿಲು ಇದೆ. ಹಸಿರು ಗುಂಡಿ ಒತ್ತಿದಾಗ ಆ ಕಾಯಿಲಿಗೆ ಕರೆಂಟು ಹರಿದು ಅದು ಅಯಸ್ಕಾಂತವಾಗಿ, ಮೂರು ಫೇಸಿನ ತಾಮ್ರದ ತುಂಡುಗಳನ್ನು ಎಳೆದು ಕೂಡಿಸಿ ಹಿಡಿದುಕೊಳ್ಳುತ್ತದೆ. ಕರೆಂಟು ಹೋದೊಡನೆ ಹಿಡಿತ ಬಿಡುತ್ತದೆ. ಮತ್ತೆ ಬಂದರೂ ಯಾರಾದರೂ ಗುಂಡಿ ಒತ್ತುವವರೆಗೆ ಹಿಡಿಯುವುದಿಲ್ಲ. ಇದು ಕೊರತೆಯೆಂದು ಕೆಲವರು ತಿಳಿದಿದ್ದಾರೆ. ವಾಸ್ತವವಾಗಿ ಬೇಕೆಂದೇ ಮಾಡಿದ ರಕ್ಷಣೆ. ಕರೆಂಟು ಹೋದ ಹೊತ್ತಿನಲ್ಲಿ ಯಾರೋ ಬೆಲ್ಟಿಗೆ ಕೈ ಹಾಕಿರಬಹುದು, ಕೇಬಲ್ಲು ಬಿಚ್ಚಿರಬಹುದು. ಈ ರಕ್ಷಣೆಯನ್ನು ತೆಗೆದುಹಾಕಿ ಮೋಟಾರು ತಾನೇ ಏಳುವಂತೆ ಮಾಡುವವರು, ಅದರ ಬದಲಿಗೆ ಬೇರೆ ರಕ್ಷಣೆಗಳನ್ನು ಕೊಡಲೇಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯ ಆಟೋ ಸ್ಟಾರ್ಟರು. ಮೂರು ಫೇಸೂ ಬಂದುದನ್ನು ಕಂಡು, ಸ್ವಲ್ಪ ಹೊತ್ತು ತಡೆದು, ನಮ್ಮ ಬದಲಿಗೆ ತಾನೇ ಗುಂಡಿ ಒತ್ತುವ ಚಿಕ್ಕ ಪೆಟ್ಟಿಗೆ ಇದು. ಒಬ್ಬನೇ ಹಾಕಿಸಿಕೊಂಡರೆ ಬಹಳ ಚೆನ್ನ. ಊರಿನವರೆಲ್ಲ ಹಾಕಿಸಿಕೊಂಡಾಗ ತೊಂದರೆ ಹುಟ್ಟುತ್ತದೆ. ನೇರವಾಗಿ ಹೊರಡುವ ಮೋಟಾರು, ಹೊರಡುವ ಕ್ಷಣದಲ್ಲಿ ತನ್ನ ಸಾಮಾನ್ಯ ಓಟಕ್ಕೆ ಬೇಕಾದುದರ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಒಂದು ಟ್ರಾನ್ಸ್‌ಫಾರ್ಮರಿನ ಮೇಲೆ ಹತ್ತು ಹನ್ನೆರಡು ಮೋಟಾರುಗಳಿದ್ದು ಅವೆಲ್ಲ ಒಂದೇ ಕ್ಷಣದಲ್ಲಿ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಯಾವ ಮೋಟಾರಿಗೂ ವೇಗ ಬರುವುದಿಲ್ಲ, ಎಲ್ಲವೂ ಗುಂಯ್‌ಗುಟ್ಟುತ್ತ ಕಾಯುತ್ತವೆ, ಕಡೆಗೆ ಫ್ಯೂಸು ಹೋಗುತ್ತದೆ. ಟ್ರಾನ್ಸ್‌ಫಾರ್ಮರು ಸುಟ್ಟರೆ ಊರಿಗೆ ಊರೇ ವಾರಗಟ್ಟಲೆ ಕಾಯಬೇಕು.

ಇದಕ್ಕೆ ಪರಿಹಾರ ಪೆಟ್ಟಿಗೆಯಲ್ಲೇ ಇದೆ. ಬಹುಮಂದಿ ಅದನ್ನು ಮುಟ್ಟುವುದಿಲ್ಲ. ಎಷ್ಟು ಹೊತ್ತು ತಡೆದು ಹೊರಡಬೇಕೆಂಬುದನ್ನು ಒಂದು ತಿರುಪಿನಿಂದಾಗಲಿ ಗುಂಡಿಗಳಿಂದಾಗಲಿ ಬದಲಾಯಿಸಬಹುದು. ಅಂಗಡಿಯಿಂದ ಬಂದಾಗ ಎಲ್ಲ ಪೆಟ್ಟಿಗೆಗಳಲ್ಲಿಯೂ ಒಂದೇ ಹೊತ್ತು ಇರುವುದುಂಟು. ಒಂದು ಟ್ರಾನ್ಸ್‌ಫಾರ್ಮರಿಗೆ ಸೇರಿದ ರೈತರು ಒಂದು ಸಂಜೆ ಕೂತು ಮಾತಾಡಿಕೊಳ್ಳಬೇಕು. ಮೇಲಿನ ತೋಟದವರು ಒಂದು ನಿಮಿಷ, ಅವರ ಪಕ್ಕದವರು ಎರಡು, ಕೆರೆ ಕೆಳಗಿನವರು ಮೂರು, ಹೀಗೆ. ಇದಕ್ಕೆ ಕಾಸು ಖರ್ಚಿಲ್ಲ. ನೀರಿನ ಸರದಿಗೆ ಜಗಳವಾಡುವ ನಾವು ಈ ಸರದಿಯನ್ನು ಜಗಳವಿಲ್ಲದೆ ಮಾಡಿಕೊಳ್ಳಬಹುದು, ಏಕೆಂದರೆ ಇದರಲ್ಲಿ ಯಾರೂ ಕಳೆದುಕೊಳ್ಳುವುದು ಕೆಲವು ನಿಮಿಷಗಳಿಗಿಂತ ಹೆಚ್ಚಿಲ್ಲ.

ಕಾವಲಿಲ್ಲದ ಮೋಟಾರಿಗೆ ಇನ್ನೊಂದು ಮೃತ್ಯು ಫೇಸು ತಪ್ಪುವುದು. ಮೂರರಲ್ಲಿ ಒಂದು ಫೇಸು ಹೋದರೆ, ಓಡುತ್ತಿರುವ ಮೋಟಾರು ನಿಲ್ಲದೆ ಉಳಿದೆರಡು ಫೇಸುಗಳಿಂದಲೇ ಹೆಚ್ಚು ಎಳೆದುಕೊಂಡು ಓಡುತ್ತದೆ, ಕಾಯುತ್ತದೆ, ಸುಡುತ್ತದೆ. ಎದುರಿಗೆ ನಿಂತಿದ್ದರೆ ಶಬ್ದ ಬದಲಾದುದು ಕಿವಿಗೆ ತಿಳಿದು ಆರಿಸುತ್ತಿದ್ದೆವು. ಮನೆಯಲ್ಲಿದ್ದರೆ ತಿಳಿಯುವುದಿಲ್ಲ. ಫೇಸು ತಪ್ಪಿದರೆ ನಿಲ್ಲಿಸುವ ರಿಲೇ ಇಲ್ಲದೆ ದೂರದಿಂದ ಮೋಟಾರು ನಡೆಸುವ ಮಾತನ್ನೇ ಆಡಬಾರದು. ಎರಡು ಫೇಸಿನಲ್ಲಿಯೇ ಕಂಡೆನ್ಸರು ಹಾಕಿ ಓಡಿಸುವ ಅಭ್ಯಾಸ ನಮ್ಮ ಕಡೆ ಬಹಳ. ಅದರ ಲಾಭನಷ್ಟವನ್ನು ಇನ್ನೊಂದು ವಾರ ನೋಡೋಣ. ಈಗ ಇಷ್ಟು ಹೇಳಿದರೆ ಸಾಕು, ಕಂಡೆನ್ಸರಿನ ಮೇಲೆ ಓಡುವ ಮೋಟಾರನ್ನು ಕಣ್ಣೆದುರಿಗಿಲ್ಲದೆ ಬಿಡತಕ್ಕದ್ದಲ್ಲ.

ನಮ್ಮ ಕೊಳವೆ ಬಾವಿಗಳಿಗೆ ಇದಕ್ಕಿಂತಲೂ ಹತ್ತಿರದ ಶತ್ರು ನೀರಿಲ್ಲದೆ ಓಡುವುದು. ಸಾವಿರ ಅಡಿಯ ಕೆಳಗೆ ಇಳಿಸಿದ ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತಲಿನ ನೀರೇ ತಂಪು, ನೀರೇ ಎಣ್ಣೆ. ನೀರು ಕೆಳಗಿಳಿದ ಮೇಲೂ ಓಡಿದರೆ ಬುಷ್ಷುಗಳು ಸವೆದು, ಕಾಯಿಲು ಸುಟ್ಟು, ಮೇಲೆತ್ತುವ ಕೂಲಿ, ವೈಂಡಿಂಗ್ ಖರ್ಚು, ಮತ್ತೆ ಇಳಿಸುವ ಕೂಲಿ, ಅಷ್ಟರಲ್ಲಿ ಒಣಗಿದ ಬೆಳೆ ಎಲ್ಲ ಸೇರಿ ಒಂದು ಬೆಳೆಯ ಹಣವೇ ಹೋಗುತ್ತದೆ. ಅದನ್ನು ಪತ್ತೆ ಹಚ್ಚಲು ಬಾವಿಯೊಳಗೆ ಏನನ್ನೂ ಇಳಿಸಬೇಕಾಗಿಲ್ಲ. ಪಂಪು ನೀರು ಎತ್ತುತ್ತಿದ್ದರೆ ಮೋಟಾರಿಗೆ ಭಾರ, ಆಂಪಿಯರು ಹೆಚ್ಚು. ನೀರು ಮುಗಿದರೆ ಭಾರವಿಲ್ಲ, ಆಂಪಿಯರಿನ ಮುಳ್ಳು ಇಳಿಯುತ್ತದೆ. ಪೆಟ್ಟಿಗೆ ಆ ಇಳಿತವನ್ನು ಕಂಡು ನಿಲ್ಲಿಸುತ್ತದೆ. ಎಷ್ಟಕ್ಕೆ ಇಳಿದರೆ ನಿಲ್ಲಿಸಬೇಕೆಂಬುದನ್ನು ನಮ್ಮ ಬಾವಿಯಲ್ಲಿಯೇ, ನೀರು ತುಂಬಿ ಬರುತ್ತಿರುವಾಗ ಒಮ್ಮೆ ಮುಳ್ಳು ನೋಡಿ, ಕೂರಿಸತಕ್ಕದ್ದು. ಪಕ್ಕದ ತೋಟದ ಲೆಕ್ಕ ನಮಗೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಮತ್ತೊಮ್ಮೆ ನೋಡುವುದು ಒಳಿತು.

ನಿಂತ ಮೋಟಾರನ್ನು ಮತ್ತೆ ಎಬ್ಬಿಸುವಾಗಲೂ ಅವಸರ ಕೂಡದು. ನಿಲ್ಲಿಸಿದೊಡನೆ ಪೈಪಿನಲ್ಲಿರುವ ನೀರಿನ ಕಂಬ ಕೆಳಗೆ ಇಳಿಯುತ್ತದೆ. ವಾಲ್ವು ಸೋರುತ್ತಿದ್ದರೆ ಪಂಪನ್ನು ಹಿಂದುಮುಂದಾಗಿ ತಿರುಗಿಸುತ್ತದೆ. ಹಿಂದಕ್ಕೆ ತಿರುಗುತ್ತಿರುವಾಗ ಮುಂದಕ್ಕೆ ಎಬ್ಬಿಸಿದರೆ ಶಾಫ್ಟು ಮುರಿಯಬಹುದು. ಕೈಯಲ್ಲಿ ಫೋನು ಇದೆಯೆಂದು ಹುಡುಗರು ಆನ್, ಆಫ್, ಆನ್ ಎಂದು ಒತ್ತುವುದನ್ನು ನಾವು ಕಂಡಿದ್ದೇವೆ. ಕೆಲವು ನಿಮಿಷ ಕಳೆಯದೆ ಮತ್ತೆ ಹೊರಡದಂತೆ ಪೆಟ್ಟಿಗೆಯಲ್ಲಿಯೇ ಕಟ್ಟುಹಾಕಬೇಕು. ನೀರು ಮುಗಿದು ನಿಂತಿದ್ದರೆ ಬಾವಿಯಲ್ಲಿ ನೀರು ಊರುವುದಕ್ಕೆ ಬೇಕಾದಷ್ಟು ಹೊತ್ತು, ಅದು ಒಂದು ಗಂಟೆಯಾಗಬಹುದು, ಎರಡಾಗಬಹುದು, ಬಿಡಬೇಕು.

ಇನ್ನು ಮೊಬೈಲ್ ಸ್ಟಾರ್ಟರಿಗೆ ಬರೋಣ. ಇದರ ಹುಟ್ಟು ನಮ್ಮಂತಹ ಒಂದು ಮನೆಯ ಕಷ್ಟದಲ್ಲಿಯೇ ಇದೆ. ಪುಣೆಯ ಎಂಜಿನಿಯರು ಸಂತೋಷ್ ಓಸ್ತ್ವಾಲ್ ಎಂಬವರು ಚಿಕ್ಕಂದಿನಲ್ಲಿ ತಮ್ಮ ಅಜ್ಜ ಪಂಪು ಹಾಕುವುದಕ್ಕಾಗಿ ದೂರ ನಡೆದು ಹೋಗುತ್ತಿದ್ದುದನ್ನು ಕಂಡವರು. ಅವರು ಮಾಡಿದ ‘ನ್ಯಾನೊ ಗಣೇಶ್’ ಎಂಬ ಯಂತ್ರಕ್ಕೆ 2009ರಲ್ಲಿ ನೋಕಿಯಾ ಕಂಪೆನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಈಚೆಗೆ ಅನೇಕ ಕಂಪೆನಿಗಳು ಇಂತಹುದನ್ನು ಮಾಡಿ ಮಾರುತ್ತಿವೆ.

ಅದರ ಒಳಗಿನ ಸಂಗತಿ ಸರಳ. ಪೆಟ್ಟಿಗೆಯಲ್ಲಿ ಒಂದು ಸಿಮ್ಮು, ಎಂದರೆ ಅದಕ್ಕೂ ಒಂದು ಫೋನ್ ನಂಬರು. ನಾವು ಆ ನಂಬರಿಗೆ ಕರೆ ಮಾಡಿದರೆ ಪೆಟ್ಟಿಗೆ ಮೊದಲು ಕರೆದವರು ಯಾರೆಂದು ನೋಡುತ್ತದೆ. ತನ್ನಲ್ಲಿ ಬರೆದಿಟ್ಟ ನಂಬರುಗಳಲ್ಲಿ ಒಂದಾಗಿದ್ದರೆ ಮಾತ್ರ ಕೇಳುತ್ತದೆ. ಕೆಲವಕ್ಕೆ ಮಿಸ್ಡ್ ಕಾಲ್ ಸಾಕು, ಕೆಲವಕ್ಕೆ ಅಂಕಿ ಒತ್ತಬೇಕು, ಕೆಲವಕ್ಕೆ ಸಂದೇಶ ಕಳಿಸಬೇಕು, ಹೊಸವಕ್ಕೆ ಫೋನಿನ ಆ್ಯಪು. ನಮ್ಮ ಅಭಿಪ್ರಾಯದಲ್ಲಿ, ಓದು ಬಾರದ ಹಿರಿಯರೂ ನಡೆಸುವ ಮನೆಗೆ ಅಂಕಿ ಒತ್ತುವ, ಧ್ವನಿಯಲ್ಲಿ ಉತ್ತರ ಹೇಳುವ ಬಗೆಯೇ ಮೇಲು. ಭಾಷೆ ಆರಿಸಿಕೊಳ್ಳಬಹುದಾದ ಯಂತ್ರಗಳು ಇವೆ. ಕನ್ನಡ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಕೇಳುವವರಿದ್ದರೆ ತಾನೇ ಅವರೂ ಇಡುವುದು! ಆ್ಯಪಿನಿಂದ ಹೊಸೂರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೂ ನೋಡಬಹುದೆಂಬ ಅನುಕೂಲವಿದೆ, ಆದರೆ ಅದಕ್ಕೆ ಎರಡೂ ಕಡೆ ಇಂಟರ್‌ನೆಟ್ಟು ಸರಿಯಾಗಿರಬೇಕು.

ಕೊಳ್ಳುವ ಮೊದಲು ಮೋಟಾರು ಮನೆಯ ಬಾಗಿಲಿನಲ್ಲಿ ನಿಂತು ನಿಮ್ಮ ಫೋನಿನಲ್ಲಿ ಯಾವ ಕಂಪೆನಿಯ ಸಿಗ್ನಲ್ಲು ಸಿಕ್ಕುತ್ತದೆಂದು ನೋಡಿ. ಹೊಗೇನಕಲ್ ಕಡೆಯ ಕಣಿವೆಗಳಲ್ಲಿ, ಮೇಟ್ಟೂರು ಕೊಳತ್ತೂರಿನ ಗುಡ್ಡಗಳ ಮರೆಯಲ್ಲಿ ಒಂದು ಕಂಪೆನಿ ಸಿಕ್ಕಿದರೆ ಇನ್ನೊಂದು ಸಿಕ್ಕುವುದಿಲ್ಲ. ತಗಡಿನ ಪೆಟ್ಟಿಗೆಯೊಳಗೆ ಸಿಗ್ನಲ್ಲು ಇನ್ನೂ ಕಡಮೆ. ಆಂಟೆನಾದ ತಂತಿಯನ್ನು ಹೊರಕ್ಕೆ ತಂದು ಕಂಬಕ್ಕೆ ಕಟ್ಟಿಸಿ. ಹಳೆಯ ಯಂತ್ರಗಳು 2ಜಿ ಮಾತ್ರ ತಿಳಿದವು. 2016ರಲ್ಲಿ ಸೇವೆ ಆರಂಭಿಸಿದ ಜಿಯೋದಲ್ಲಿ 2ಜಿ ಇಲ್ಲವಾದ್ದರಿಂದ ಆ ಸಿಮ್ಮು ಅವುಗಳಲ್ಲಿ ನಡೆಯದು. ಈಗ ಕೊಳ್ಳುವವರು 4ಜಿ ಯಂತ್ರವನ್ನೇ ಕೇಳುವುದು ಕ್ಷೇಮ. ಸಿಮ್ಮಿನ ರೀಚಾರ್ಜು ಮುಗಿದರೆ ಪೆಟ್ಟಿಗೆ ಮೂಕವಾಗುತ್ತದೆ. ಯಂತ್ರ ಕೆಟ್ಟಿತೆಂದು ಮೆಕ್ಯಾನಿಕ್ಕನ್ನು ಕರೆತಂದು ಕೂಲಿ ಕೊಟ್ಟು, ಕಡೆಗೆ ರೀಚಾರ್ಜು ಮುಗಿದಿತ್ತೆಂದು ತಿಳಿದು ನಾಚಿದವರಲ್ಲಿ ನಾವೂ ಒಬ್ಬರು.

ಪೆಟ್ಟಿಗೆಯೊಳಗೆ ಒಂದು ಚಿಕ್ಕ ಬ್ಯಾಟರಿ ಇದೆಯೇ ಎಂಬುದನ್ನು ಮರೆಯದೆ ನೋಡಿ. ‘ಕರೆಂಟು ಹೋಯಿತು’ ಎಂದು ನಮಗೆ ತಿಳಿಸಬೇಕಾದುದು ಕರೆಂಟಿಲ್ಲದ ಹೊತ್ತಿನಲ್ಲಿಯೇ ಅಲ್ಲವೇ? ಬ್ಯಾಟರಿ ಇಲ್ಲದ ಯಂತ್ರ ಮೋಟಾರಿನ ಜೊತೆಗೇ ಮಲಗಿಬಿಡುತ್ತದೆ. ನಮ್ಮ ಕರೆಗೆ ಉತ್ತರ ಬಾರದಿದ್ದಾಗ ಕರೆಂಟಿಲ್ಲವೋ, ಸಿಗ್ನಲ್ಲಿಲ್ಲವೋ, ಯಂತ್ರವನ್ನು ಕಳ್ಳರು ಒಯ್ದರೋ ತಿಳಿಯದು.

ಇನ್ನೊಂದು ಸೂಕ್ಷ್ಮ ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಈ ಪೆಟ್ಟಿಗೆಯೂ ಒಂದು ಪುಟ್ಟ ಕಂಪ್ಯೂಟರೇ. ಕಂಪ್ಯೂಟರು ಎಂದ ಮೇಲೆ ಒಮ್ಮೊಮ್ಮೆ ಅದು ದಿಕ್ಕುತಪ್ಪಿ, ದೀಪ ಉರಿಯುತ್ತಿದ್ದರೂ ಯಾವ ಮಾತಿಗೂ ಓಗೊಡದೆ ನಿಲ್ಲುವುದುಂಟು. ಆಗ ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆ. ಆದರೆ ಆರಿಸಿ ಹಚ್ಚುವುದಕ್ಕೆ ನಾವು ತೋಟಕ್ಕೆ ನಡೆದು ಹೋಗಬೇಕಾದರೆ ಇಷ್ಟೆಲ್ಲ ಮಾಡಿದ್ದೇಕೆ? ಇದಕ್ಕಾಗಿ ಒಳ್ಳೆಯ ಯಂತ್ರಗಳಲ್ಲಿ ಒಂದು ಕಾವಲು ಗಡಿಯಾರವನ್ನು ಇಟ್ಟಿರುತ್ತಾರೆ. ಯಂತ್ರ ಸರಿಯಾಗಿರುವವರೆಗೆ ಕೆಲವು ಸೆಕೆಂಡಿಗೊಮ್ಮೆ ಆ ಗಡಿಯಾರವನ್ನು ಮುಟ್ಟಿ ‘ನಾನಿದ್ದೇನೆ’ ಎಂದು ತಿಳಿಸುತ್ತಿರಬೇಕು. ಹೇಳಿದ ಹೊತ್ತಿಗೆ ಮುಟ್ಟದಿದ್ದರೆ ಗಡಿಯಾರವೇ ಯಂತ್ರವನ್ನು ಆರಿಸಿ ಹಚ್ಚುತ್ತದೆ. ರಾತ್ರಿ ಕಾವಲಿನವನು ಗಂಟೆಗೊಮ್ಮೆ ಕೂಗದಿದ್ದರೆ ಊರವರು ಎದ್ದು ನೋಡುತ್ತಿದ್ದರಲ್ಲ, ಹಾಗೆಯೇ. ಇಂತಹುದು ಇಲ್ಲದ ಯಂತ್ರಕ್ಕೆ, ದಿನಕ್ಕೊಮ್ಮೆ ಮೋಟಾರು ಓಡದ ಹೊತ್ತಿನಲ್ಲಿ ಯಂತ್ರವೊಂದನ್ನೇ ಐದು ನಿಮಿಷ ಆರಿಸಿ ಹಚ್ಚುವ ಅಗ್ಗದ ಟೈಮರನ್ನು ಎಲೆಕ್ಟ್ರಿಷಿಯನ್ ಕೈಯಿಂದ ಹಾಕಿಸಬಹುದು. ಅದರ ಬ್ಯಾಟರಿಯೂ ಆಗ ಕಳಚುವಂತೆ ಜೋಡಿಸಬೇಕು. ಇಲ್ಲವಾದರೆ ಅದು ಆರುವುದೇ ಇಲ್ಲ.

ಎಬ್ಬಿಸುವ ಉಪಾಯ, ಕೆಟ್ಟ ಯಂತ್ರದೊಳಗೇ ಇದ್ದರೆ ಏನಾಗುತ್ತದೆಂಬುದನ್ನು ದೊಡ್ಡವರೂ ಕಲಿತಿದ್ದಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ಕಳಿಸಿದ ಒಂದು ತಪ್ಪು ಫೈಲಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತವು. ವಿಮಾನಗಳು ಹಾರಲಿಲ್ಲ, ನಮ್ಮ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಚೀಟಿ ಕೊಟ್ಟರು. ದೂರದಿಂದ ಸರಿಪಡಿಸೋಣವೆಂದರೆ, ಅದಕ್ಕೆ ಆ ಕಂಪ್ಯೂಟರು ಮೊದಲು ಎದ್ದಿರಬೇಕು, ಅದು ಏಳುತ್ತಲೇ ಇರಲಿಲ್ಲ. ಬಹುತೇಕ ಯಂತ್ರಗಳ ಬಳಿಗೆ ಮನುಷ್ಯರೇ ಹೋಗಬೇಕಾಯಿತು. ಇದಕ್ಕೆ ವಿರುದ್ಧವಾಗಿ, 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಮಾತು ಕಳಿಸತೊಡಗಿದಾಗ, 2400 ಕೋಟಿ ಕಿಲೋಮೀಟರು ದೂರದಿಂದ ಅದನ್ನು 2024ರಲ್ಲಿ ಸರಿಪಡಿಸಿದರು. ಕೆಟ್ಟುದು ನೆನಪಿನ ಒಂದು ಚಿಪ್ಪು. ಅಪ್ಪಣೆ ಕೇಳುವ ಭಾಗ ನೆಟ್ಟಗಿತ್ತು. ಒಂದು ಮಾತು ಹೋಗಿ ಮುಟ್ಟುವುದಕ್ಕೆ ಇಪ್ಪತ್ತೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತಂತೆ. ನಮ್ಮ ಪೆಟ್ಟಿಗೆಯಲ್ಲಿಯೂ ಕೇಳುವ ಕಿವಿ, ಓಡುವ ಮೋಟಾರಿನ ಕರೆಂಟನ್ನು ನೆಚ್ಚದೆ ಬೇರೆಯಾಗಿರಬೇಕು.

ಸೊಸೈಟಿಯ ಕಂಪ್ಯೂಟರಿನ ವಿಷಯವನ್ನು ಕೇಳುವ ಕಾರ್ಯದರ್ಶಿಗಳಿಗೆ ಒಂದೆರಡು ಮಾತು. ಕರೆಂಟು ಬಂದೊಡನೆ ತಾನೇ ಏಳುವಂತೆ ಕಂಪ್ಯೂಟರಿನ ಮೂಲ ಏರ್ಪಾಡಿನಲ್ಲಿಯೇ ಒಂದು ಆಯ್ಕೆ ಇರುತ್ತದೆ. ರಿಪೇರಿಯವರಿಂದ ಅದನ್ನು ಹಾಕಿಸಿಕೊಳ್ಳಿ. ಅದನ್ನು ಹಾಕಿದ ಮೇಲೆ, ಫೋನಿನಿಂದ ನಡೆಯುವ ಒಂದು ಪ್ಲಗ್ಗನ್ನು ನಡುವೆ ಇಟ್ಟರೆ ಮನೆಯಿಂದಲೇ ಆರಿಸಿ ಹಚ್ಚಬಹುದು. ಆದರೆ ಲೆಕ್ಕ ಬರೆಯುತ್ತಿರುವಾಗ ಹಾಗೆ ಕತ್ತರಿಸಿದರೆ ಬರಹ ಹಾಳಾಗುವುದುಂಟು, ಆದುದರಿಂದ ಬೇರೆ ದಾರಿಯಿಲ್ಲದಾಗ ಮಾತ್ರ ಹೀಗೆ ಮಾಡತಕ್ಕದ್ದು.

ಈಗ ಎಲ್ಲಕ್ಕಿಂತ ಮುಖ್ಯವಾದುದು. ದೂರದಿಂದ ನಡೆಸುವ ಮೋಟಾರು ಯಾವ ಕ್ಷಣದಲ್ಲಿ ಬೇಕಾದರೂ ಏಳಬಹುದು. ನಮ್ಮ ಪರಿಚಯದ ಒಂದು ಮನೆಯಲ್ಲಿ ಅಣ್ಣ ಮೋಟಾರು ಮನೆಯಲ್ಲಿ ಕೂತು ಕೇಬಲ್ಲಿನ ಗಂಟು ಬಿಚ್ಚುತ್ತಿದ್ದಾಗ, ಸೇಲಂನಿಂದ ಬಸ್ಸಿನಲ್ಲಿ ಬರುತ್ತಿದ್ದ ತಮ್ಮ ‘ಊರು ಸೇರುವಷ್ಟರಲ್ಲಿ ತೊಟ್ಟಿ ತುಂಬಲಿ’ ಎಂದು ಫೋನಿನಲ್ಲಿ ಒತ್ತಿದ. ಅಣ್ಣ ಅದೇ ಕ್ಷಣಕ್ಕೆ ಬೀಡಿ ಹಚ್ಚಲು ಎದ್ದಿದ್ದರಿಂದ ಬದುಕಿದ. ತಮ್ಮನದು ತಪ್ಪೆನ್ನುವ ಹಾಗಿಲ್ಲ, ಅವನಿಗೆ ತಿಳಿದಿರಲಿಲ್ಲ. ಆದುದರಿಂದ ಸ್ಟಾರ್ಟರಿಗೆ ಕೈ ಹಾಕುವವರು ಫೋನಿನಲ್ಲಿ ಆಫ್ ಮಾಡಿದೆವೆಂದು ನೆಚ್ಚಬಾರದು. ಮೇನ್ ಸ್ವಿಚ್ಚು ಇಳಿಸಿ, ಮೂರು ಫ್ಯೂಸುಗಳನ್ನೂ ಕಿತ್ತು, ಜೇಬಿಗೆ ಹಾಕಿಕೊಂಡು ಆಮೇಲೆ ಮುಟ್ಟಬೇಕು. ಜೇಬಿನಲ್ಲಿರುವ ಫ್ಯೂಸನ್ನು ಯಾವ ಫೋನೂ ಕೂಡಿಸಲಾರದು. ‘ಈ ಮೋಟಾರು ತಾನಾಗಿ ಹೊರಡುತ್ತದೆ’ ಎಂದು ಬಾಗಿಲಿನ ಮೇಲೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಸಿ. ಕೂಲಿಗೆ ಬರುವವರು ಎರಡರಲ್ಲಿ ಒಂದನ್ನಾದರೂ ಓದಿಯಾರು. ಅರ್ತಿಂಗಿನ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ.

ಹಣದ ಮಾತು. ಈ ಯಂತ್ರಕ್ಕೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ತಮಿಳುನಾಡು ಸರಕಾರದ ಕೃಷಿ ಎಂಜಿನಿಯರಿಂಗ್ ಇಲಾಖೆ ಇದಕ್ಕೆ ಸಹಾಯಧನ ಕೊಡುತ್ತ ಬಂದಿದೆ. ಸಣ್ಣ ಹಿಡುವಳಿದಾರರಿಗೂ ಪರಿಶಿಷ್ಟರಿಗೂ ಮಹಿಳೆಯರಿಗೂ ಪಾಲು ಹೆಚ್ಚು. ಬೋರ್ಡಿನಲ್ಲಿ ‘ವೇಳಾಣ್ಮೈ ಪೊರಿಯಿಯಲ್ ತುರೈ’ ಎಂದಿರುತ್ತದೆ. ಮೊತ್ತವೂ ನಿಯಮವೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಮೊದಲು ಕೊಂಡು ಆಮೇಲೆ ಅರ್ಜಿ ಹಾಕಿದರೆ ಹಣ ಬಾರದೆ ಹೋದೀತು. ಚಿಟ್ಟಾ, ಅಡಂಗಲ್, ಆಧಾರ್, ಬ್ಯಾಂಕಿನ ಪಾಸುಪುಸ್ತಕ ಸಿದ್ಧವಿಟ್ಟುಕೊಳ್ಳಿ. 2018ರಲ್ಲಿ ಬಂದ ‘ಉಳವನ್’ ಆ್ಯಪಿನಲ್ಲಿಯೂ ಸಹಾಯಧನಗಳ ವಿವರ ಸಿಕ್ಕುತ್ತದೆ. ತಮಿಳು ಓದಲು ತೊಡಕಾದವರು ಶಾಲೆಯಲ್ಲಿ ಓದುವ ಮಕ್ಕಳ ಕೈಯಲ್ಲಿ ಓದಿಸಿ, ಸಹಿ ಹಾಕುವ ಮುನ್ನ ಅರ್ಥ ಕೇಳಿ ತಿಳಿದುಕೊಳ್ಳಿ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ ಸೂರ್ಯಶಕ್ತಿ ಪಂಪುಗಳಿಗೆ ದೂರದಿಂದ ನೋಡುವ ಯಂತ್ರವನ್ನು ಜೊತೆಗೇ ಇಟ್ಟಿರುತ್ತಾರೆ. ಅವರು ಬೇರೆ ಕೊಳ್ಳುವ ಮೊದಲು ಇರುವುದನ್ನು ನೋಡಿಕೊಳ್ಳಲಿ.

ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಧರ್ಮಪುರಿ, ಸೇಲಂ ಜಿಲ್ಲೆಗಳ ಹಲವು ಫಿರ್ಕಾಗಳಲ್ಲಿ ಊರುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ಎತ್ತಲಾಗುತ್ತಿದೆಯೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಕರೆಂಟಿಗೆ ಬಿಲ್ಲಿಲ್ಲ, ಎದ್ದು ಹೋಗುವ ಕಷ್ಟವೂ ಇಲ್ಲ ಎಂದಾದರೆ ಮೋಟಾರನ್ನು ನಿಲ್ಲಿಸುವವರು ಯಾರು? ಫೋನಿಗೆ ಒಡೆದ ಪೈಪು ಕಾಣುವುದಿಲ್ಲ, ತುಂಬಿ ಹರಿಯುವ ತೊಟ್ಟಿ ಕಾಣುವುದಿಲ್ಲ. ಆದುದರಿಂದ ‘ಆನ್’ ಎಂದೊಡನೆ ‘ಇಷ್ಟು ಗಂಟೆಗೆ ಆಫ್’ ಎಂಬುದನ್ನೂ ಕೂರಿಸುವ ಯಂತ್ರವನ್ನೇ ಆರಿಸಿ. ತೊಟ್ಟಿ ಇರುವವರು ಅದಕ್ಕೊಂದು ಫ್ಲೋಟು ಸ್ವಿಚ್ಚು ಹಾಕಿಸಿ.

ಹಾಕಿಸಿದ ಮೊದಲ ಹದಿನೈದು ದಿನ ಮನೆಯಿಂದ ಒತ್ತಿ, ಒಬ್ಬರು ತೋಟದಲ್ಲಿ ನಿಂತು ನೋಡಬೇಕು. ಬೇಕೆಂದೇ ಒಂದು ಫ್ಯೂಸು ತೆಗೆದಿಟ್ಟು ಮೋಟಾರು ಹೊರಡುವುದಿಲ್ಲವೆಂಬುದನ್ನು, ಬರೆದಿಡದ ನಂಬರಿನಿಂದ ಕರೆದರೆ ಕೇಳುವುದಿಲ್ಲವೆಂಬುದನ್ನು ಎಲೆಕ್ಟ್ರಿಷಿಯನ್ ಇರುವಾಗಲೇ ಪರೀಕ್ಷಿಸಿ. ಪೆಟ್ಟಿಗೆಯ ಸಿಮ್ಮಿನ ನಂಬರು, ರೀಚಾರ್ಜು ಮುಗಿಯುವ ದಿನ, ತಡೆದು ಹೊರಡುವ ನಿಮಿಷ, ನೀರು ಬರುವಾಗಿನ ಆಂಪಿಯರು, ಈ ನಾಲ್ಕನ್ನು ಪೆಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ಅಳಿಸಿಹೋಗದ ಶಾಯಿಯಿಂದ ಬರೆದಿಡಿ, ಅದರ ಒಂದು ಪ್ರತಿ ಮನೆಯ ಗೋಡೆಯ ಪಂಚಾಂಗದ ಪಕ್ಕದಲ್ಲಿರಲಿ.